ಮನೆಯಂಗಳದ ಮರಗೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಳೆಯ ಮನೆಯನ್ನು ಬಿಚ್ಚಿದಾಗ ಸಿಕ್ಕ ತೇಗದ ಹಲಗೆಗಳಿಂದ ಕಳೆದ ಜನವರಿಯಲ್ಲಿ ನಾನೇ ಒಂದು ಬರೆಯುವ ಮೇಜು ಮಾಡಿದೆ. ನಿವೃತ್ತಿಯಾದ ಮೇಲೆ ಕಲಿತ ಕೆಲಸ. ಆಗ ಸಲೀಸಾಗಿ ಓಡಾಡುತ್ತಿದ್ದ ಡ್ರಾಯರುಗಳು ಜುಲೈ ಬರುವಷ್ಟರಲ್ಲಿ ಕಚ್ಚಿಕೊಂಡು ಕೂತಿವೆ. ಹಳೆಯ ಮರ ಹಿಗ್ಗುವುದಿಲ್ಲವೆಂದು ನಮ್ಮೂರಿನ ಆಚಾರಿಗಳು ಹೇಳಿದ್ದರು. ಈಗ ಕೀಸಿ ಸಡಿಲ ಮಾಡಬಹುದೇ?
– ಓದುಗರೊಬ್ಬರು, ಕಿನ್ನಿಗೋಳಿ

ಉತ್ತರ: ಈಗ ಕೀಸಬೇಡಿ. ಹಳೆಯ ಮರ ಸೊಟ್ಟಗಾಗುವುದು ಕಡಿಮೆ ಎಂಬ ಮಟ್ಟಿಗೆ ಆಚಾರಿಗಳ ಮಾತು ಸರಿಯೇ. ಆದರೆ ಗಾಳಿಯ ತೇವವನ್ನು ಹೀರಿ ಹಿಗ್ಗುವ, ಒಣಹವೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುವ ಗುಣ ನೂರು ವರ್ಷ ಕಳೆದರೂ ಮರವನ್ನು ಬಿಟ್ಟು ಹೋಗುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಬಿಡುವ ನಮ್ಮ ಕರಾವಳಿಯಲ್ಲಿ ಈ ಗುಣವನ್ನು ಮರೆತು ಯಾವ ಅಳತೆಯನ್ನೂ ಹಾಕುವಂತಿಲ್ಲ.

ಲೆಕ್ಕ ಹೀಗಿದೆ. ಜನವರಿಯ ಒಣಹವೆಯಲ್ಲಿ ಮನೆಯೊಳಗಿನ ಮರದ ತೇವಾಂಶ ಸುಮಾರು ಶೇ 12ರ ಆಸುಪಾಸಿನಲ್ಲಿದ್ದರೆ ಜುಲೈಯಲ್ಲಿ ಅದು ಶೇ 18ರ ಹತ್ತಿರ ಹೋಗುತ್ತದೆ. ದಿಮ್ಮಿಯನ್ನು ಚಪ್ಪಟೆಯಾಗಿ ಸೀಳಿ ತೆಗೆದ 300 ಮಿ.ಮೀ. ಅಗಲದ ತೇಗದ ಹಲಗೆ ಇಷ್ಟರಲ್ಲೇ ಸುಮಾರು ಮೂರೂವರೆ ಮಿ.ಮೀ. ಹಿಗ್ಗುತ್ತದೆ, ವಾರ್ಷಿಕ ಬಳೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಸೀಳಿದ ಹಲಗೆಯಾದರೆ ಅದರ ಅರ್ಧದಷ್ಟು ಮಾತ್ರ. ಉದ್ದದಲ್ಲಿ ಆಗುವ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ತೇಗವು ಕಡಿಮೆ ಹಿಗ್ಗುವ ಮರಗಳ ಸಾಲಿನದು ಎಂಬುದನ್ನೂ ನೆನಪಿಡಿ.

ಡ್ರಾಯರಿನ ಪಕ್ಕದ ಹಲಗೆಯಲ್ಲಿ ಎಳೆಗಳು ಮುಂದಿನಿಂದ ಹಿಂದಕ್ಕೆ ಓಡುತ್ತವೆ. ಆದ್ದರಿಂದ ಹಿಗ್ಗುವುದು ಅದರ ಎತ್ತರ. ನಿಮ್ಮ ಡ್ರಾಯರು ಮೇಲ್ಗಡೆಯೇ ಕಚ್ಚಿಕೊಂಡಿರಬೇಕು. ಪಕ್ಕದ ಹಲಗೆಯ ಮೇಲಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಉಜ್ಜಿದ ಜಾಗ ಮಿರುಗುತ್ತದೆ; ಅಲ್ಲಿಗೆ ಪೆನ್ಸಿಲಿನ ಗುರುತು ಹಾಕಿ, ಸದ್ಯಕ್ಕೆ ಮೇಣದಬತ್ತಿ ಉಜ್ಜಿ ಬಿಡಿ. ಡ್ರಾಯರು ಹೊರಗೇ ಬಾರದಿದ್ದರೆ ಹಿಡಿಯನ್ನು ಜಗ್ಗಬೇಡಿ, ಮೂಲೆಯ ಕೂಟಗಳು ಬಿಟ್ಟುಕೊಂಡಾವು. ಮೇಜನ್ನು ಗೋಡೆಯಿಂದ ಸರಿಸಿ, ಹಿಂಬದಿಯಿಂದ ಮೆಲ್ಲಗೆ ತಳ್ಳಿ. ಮಳೆ ನಿಂತು, ದೀಪಾವಳಿ ಕಳೆದು, ಮರ ತನ್ನ ಒಣ ಅಳತೆಗೆ ಮರಳಿದ ಮೇಲೆ ಗುರುತಿನ ಜಾಗದಲ್ಲಷ್ಟೇ ಒಂದೆರಡು ಸಲ ಕೀಸುಳಿ ಆಡಿಸಿದರೆ ಸಾಕು. ಈಗಲೇ ಸಲೀಸಾಗುವ ತನಕ ಕೀಸಿದರೆ ಬೇಸಗೆಯಲ್ಲಿ ಅದೇ ಡ್ರಾಯರು ಗಡಗಡ ಎನ್ನುತ್ತದೆ.

ತಳದ ಹಲಗೆಯನ್ನೂ ನೋಡಿ. ಅದನ್ನು ನಾಲ್ಕೂ ಬದಿಗೆ ಅಂಟು ಹಾಕಿ ಕೂರಿಸಿದ್ದರೆ ಹಿಗ್ಗಿದಾಗ ಅದು ಪಕ್ಕಗಳನ್ನೇ ಹೊರಕ್ಕೆ ತಳ್ಳುತ್ತದೆ. ತಳದ ಎಳೆ ಎಡದಿಂದ ಬಲಕ್ಕೆ ಓಡುವಂತೆ ಇಟ್ಟು, ಪಕ್ಕದ ಹಲಗೆಗಳ ಗಾಡಿಗಳಲ್ಲಿ (ಉದ್ದಕ್ಕೆ ಕೊರೆದ ತೋಡುಗಳಲ್ಲಿ) ಅಂಟಿಲ್ಲದೆ ಜಾರಿಸಿ, ಹಿಂಬದಿಯ ಹಲಗೆಯ ಅಡಿಯಿಂದ ತುಸು ಹೊರಚಾಚಲು ಬಿಟ್ಟು, ಉದ್ದನೆಯ ತೂತಿನಲ್ಲಿ ಒಂದೇ ಸ್ಕ್ರೂ ಹಾಕಬೇಕು. ಆಗ ಹಿಗ್ಗಿದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಹಳೆಯ ಬಾಗಿಲುಗಳಲ್ಲಿ ಚೌಕಟ್ಟಿನ ಗಾಡಿಯೊಳಗೆ ನಡುಹಲಗೆಯನ್ನು ಅಂಟಿಸದೆ ತೇಲಿಸಿ ಬಿಡುತ್ತಿದ್ದುದೂ ಇದೇ ಕಾರಣಕ್ಕೆ. ನೀವು ಬಿಚ್ಚಿದ ಮನೆಯ ಬಾಗಿಲುಗಳು ಇನ್ನೂ ಉಳಿದಿದ್ದರೆ ಮಾರುವ ಮೊದಲು ಒಮ್ಮೆ ಗಮನಿಸಿ.

ಪಾಲಿಶ್ ಹಾಕಿದರೆ ಹಿಗ್ಗುವುದು ನಿಲ್ಲುತ್ತದೆಯೇ ಎಂದು ಹಲವರು ಕೇಳುತ್ತಾರೆ. ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮೇಲ್ಮುಖಕ್ಕೆ ಮಾತ್ರ ಹಾಕಿ ಅಡಿಭಾಗವನ್ನು ಹಾಗೆಯೇ ಬಿಟ್ಟರೆ ಒಂದೇ ಕಡೆಯಿಂದ ತೇವ ಹೀರಿ ಹಲಗೆ ಬಾಗುತ್ತದೆ. ಎರಡೂ ಕಡೆಗೆ ಸಮನಾಗಿ ಹಾಕಿ. ಮುಂದಿನ ಡ್ರಾಯರನ್ನು ಆಟಿ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೂಡಿಸಿ ನೋಡಿ: ಮರ ಅತಿ ಹೆಚ್ಚು ಹಿಗ್ಗಿರುವ ಆ ದಿನಗಳಲ್ಲಿ ಓಡಾಡುವ ಡ್ರಾಯರು ವರ್ಷದ ಬೇರೆ ಯಾವ ದಿನವೂ ಕಚ್ಚಿಕೊಳ್ಳದು.

ಪ್ರಶ್ನೆ: ಸಮುದ್ರದಿಂದ ಕೂಗಳತೆಯಲ್ಲಿ ನಮ್ಮ ಮನೆ. ಉಳಿ, ಕೀಸುಳಿ, ಗರಗಸ ಎಲ್ಲಕ್ಕೂ ವಾರದೊಳಗೆ ತುಕ್ಕು ಹಿಡಿಯುತ್ತದೆ. ಫ್ಯಾನ್ ಹಾಕಿಟ್ಟರೂ ಪ್ರಯೋಜನವಿಲ್ಲ.
– ಓದುಗರೊಬ್ಬರು, ಸುರತ್ಕಲ್

ಉತ್ತರ: ಫ್ಯಾನ್ ಗಾಳಿಯನ್ನು ಓಡಿಸುತ್ತದೆಯೇ ಹೊರತು ಅದರೊಳಗಿನ ತೇವವನ್ನು ತೆಗೆಯುವುದಿಲ್ಲ, ಕಡಲ ಗಾಳಿಯಾದರೆ ಉಪ್ಪನ್ನೂ ತಂದು ಕೂರಿಸುತ್ತದೆ. ಕೆಲಸ ಮುಗಿದೊಡನೆ ಕೈಬೆವರಿನ ಗುರುತನ್ನು ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳು ಎಣ್ಣೆಯನ್ನು ಸವರಿ, ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ. ಆ ಪೊಟ್ಟಣಗಳೂ ತೇವ ಕುಡಿದು ತಣಿಯುತ್ತವೆ, ಆಗಾಗ ಬಿಸಿ ಮಾಡಿ ಒಣಗಿಸಬೇಕು. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ, ಚರ್ಮವೇ ತೇವ ಹಿಡಿದಿಡುತ್ತದೆ. ಅಗಸೆ ಎಣ್ಣೆಯೂ ಬೇಡ. ಅದು ಒಣಗಿ ಅಂಟಾಗುವ ಎಣ್ಣೆ, ಹಿಡಿಗಳಿಗೆ ಸರಿ, ಅಲಗಿಗಲ್ಲ.

ಪ್ರಶ್ನೆ: ಮಗಳು ಶಾಲೆಯಲ್ಲಿ ಯಕ್ಷಗಾನ ಕಲಿಯುತ್ತಿದ್ದಾಳೆ. ಅವಳ ವೇಷಕ್ಕೆ ಬೇಕಾದ ಆಭರಣಗಳನ್ನು ಮನೆಯಲ್ಲೇ ಮರದಲ್ಲಿ ಮಾಡಿಕೊಡುವ ಆಸೆ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಕಿರೀಟದಿಂದಂತೂ ಬೇಡ. ತಲೆಯ ಮೇಲೆ ಕೂರುವ ವಸ್ತುವಿನ ತೂಕ, ಸಮತೋಲ, ಕಟ್ಟುವ ಕ್ರಮ ಎಲ್ಲವೂ ಅನುಭವಿಗಳಿಗೆ ಸೇರಿದ ವಿಷಯ. ಒಂದು ಜೊತೆ ಭುಜಕೀರ್ತಿಯಿಂದ ಆರಂಭಿಸಿ. ಯಕ್ಷಗಾನದ ಆಭರಣಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ, ಕನ್ನಡಿ ಚೂರುಗಳನ್ನು ಹಚ್ಚುವುದು ವಾಡಿಕೆ; ಕುಣಿಯುವ ಮಗುವಿನ ಮೈಮೇಲೆ ತೇಗವನ್ನೋ ಹಲಸನ್ನೋ ಹೇರಬಾರದು. ತುಳುವಿನಲ್ಲಿ ಪೊಂಗಾರೆ ಎನ್ನುವ ಹಾಲುವಾಣದಂಥ ಮೆದು ಮರ ಕಲಿಯುವ ಕೈಗೆ ಒಳ್ಳೆಯದು. ಆದರೆ ಇಂಥ ಮರವನ್ನು ಕಡಿದು ಹಸಿಯಾಗಿ ಬಿಟ್ಟರೆ ಬಲುಬೇಗ ಕಪ್ಪಾಗುತ್ತದೆ, ಕುಟ್ಟೆ ಹಿಡಿಯುತ್ತದೆ. ಆದ್ದರಿಂದ ಒಣ ತಿಂಗಳಿನಲ್ಲಿ ಕಡಿಸಿ, ಕೂಡಲೇ ತೆಳುವಾಗಿ ಸೀಳಿಸಿ, ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ಅದ್ದಿ, ನಡುವೆ ಪಟ್ಟಿಗಳನ್ನು ಕೊಟ್ಟು ನೆರಳಿನಲ್ಲಿ ಜೋಡಿಸಿ ಒಣಗಿಸಿ.

ಅಳತೆಯನ್ನು ಪುಸ್ತಕದಿಂದ ತೆಗೆಯಬೇಡಿ. ಮಗಳ ಭಾಗವತರನ್ನೋ ವೇಷ ಕಟ್ಟುವವರನ್ನೋ ಕೇಳಿ ಒಂದು ಜೊತೆಯನ್ನು ಕೈಯಲ್ಲಿ ಹಿಡಿದು ನೋಡಿ, ಮೊದಲು ರಟ್ಟಿನಲ್ಲಿ ಕತ್ತರಿಸಿ ಮಗಳ ಭುಜಕ್ಕೆ ಕಟ್ಟಿ, ಕೈ ಮೇಲೆತ್ತಿ ತಿರುಗಲು ಹೇಳಿ; ಎಲ್ಲಿ ತಾಗುತ್ತದೆಂದು ಆಗಲೇ ತಿಳಿಯುತ್ತದೆ. ಬಡಗುತಿಟ್ಟಿನ ಮತ್ತು ತೆಂಕುತಿಟ್ಟಿನ ವೇಷಗಳು ಬೇರೆ ಬೇರೆಯಾದ್ದರಿಂದ ಅವಳು ಕಲಿಯುತ್ತಿರುವ ತಿಟ್ಟಿನದೇ ಮಾದರಿ ಬೇಕು. ಕೆತ್ತನೆ ಆಳವಾಗಿರಬೇಕಾಗಿಲ್ಲ, ದೂರದಿಂದ ದೀಪಕ್ಕೆ ಹೊಳೆಯುವುದು ಬೇಗಡೆಯೇ. ದಾರದ ತೂತುಗಳನ್ನು ಅಂಚಿಗೆ ತೀರ ಸಮೀಪ ಕೊರೆಯಬೇಡಿ, ಮೆದು ಮರ ಅಲ್ಲಿಂದಲೇ ಸೀಳುತ್ತದೆ. ಬೇಗಡೆ ಹಚ್ಚಲು ಸಾಮಾನ್ಯ ಬಿಳಿ ಅಂಟು ಬೇಡ. ಬೆವರಿಗೆ ಅದು ಮೆತ್ತಗಾಗುತ್ತದೆ. ನೀರು ತಡೆಯುವ ಬಗೆಯದನ್ನು ಕೇಳಿ ತನ್ನಿ.

ಪ್ರಶ್ನೆ: ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಣ್ಣಪುಟ್ಟ ಪೆಟ್ಟಿಗೆಗಳನ್ನು ಮಾಡಿ ಅಗಸೆ ಎಣ್ಣೆ ಹಚ್ಚುತ್ತೇನೆ. ಯಾವ ಎಚ್ಚರಿಕೆ ಬೇಕು?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ. ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಹೊರಹೋಗಲಾರದೆ ಬೆಂಕಿಯೇ ಹತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಒಂದೇ ಪದರವಾಗಿ ಒಣಹಾಕಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ. ಇನ್ನು ಮರಳುಕಾಗದ ಉಜ್ಜುವಾಗ ಏಳುವ ನಯವಾದ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದೇ ವರ್ಗೀಕರಿಸಿದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಹಾಕಿ.

ಪ್ರಶ್ನೆ: ಪಿಯುಸಿ ಮುಗಿಸಿದ ಮಗನಿಗೆ ಕೆತ್ತನೆಯಲ್ಲಿ ಆಸಕ್ತಿ. ನಮ್ಮ ಕಡೆ ಕ್ರಮವಾಗಿ ಕಲಿಸುವವರು ಇದ್ದಾರೆಯೇ?
– ಓದುಗರೊಬ್ಬರು, ಕೋಟ

ಉತ್ತರ: ಇದ್ದಾರೆ. ಕಾರ್ಕಳದ ಪಕ್ಕದ ಮಿಯ್ಯಾರಿನಲ್ಲಿ ಸಿ. ಇ. ಕಾಮತ್ ಹೆಸರಿನ ಕುಶಲಕರ್ಮಿ ತರಬೇತಿ ಸಂಸ್ಥೆಯಿದೆ. ಅಲ್ಲಿ ಶಿಲೆ, ಮರ ಮತ್ತು ಲೋಹದ ಶಿಲ್ಪಗಳನ್ನು ಕಲಿಸುತ್ತಾರೆ. ಸೇರಿಸುವ ಮೊದಲು ಮಗನನ್ನು ಒಂದು ದಿನ ಅಲ್ಲಿಗೆ ಕರೆದೊಯ್ಯಿರಿ, ಕೂತು ಕೆತ್ತುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನೂ ತೋರಿಸಿ. ಅಲ್ಲಿ ಕಂಬದ ಕೆತ್ತನೆಗಿಂತ ಹೆಚ್ಚಾಗಿ ಕಂಬವೂ ತೊಲೆಯೂ ಕೂಡುವ ಜಾಗವನ್ನು ನೋಡಲು ಹೇಳಿ.