ಮನೆಯಲ್ಲಿ ಬಿಟ್ಟು ಹೋಗಬೇಕಾದ ಹಾಳೆ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: “ಮುಳ್ಳಯ್ಯನಗಿರಿ, ಎತ್ತಿನ ಭುಜ, ಕುದುರೆಮುಖಗಳನ್ನು ಹತ್ತಿಳಿದಿರುವ ನಾವು ಐವರು ಗೆಳೆಯರು ಸೆಪ್ಟೆಂಬರ್ ಕೊನೆಯಲ್ಲಿ ಉತ್ತರಾಖಂಡದಲ್ಲಿ ಆರು ದಿನಗಳ ಚಾರಣಕ್ಕೆ ಹೊರಟಿದ್ದೇವೆ. ದಾರಿಯ ನಕ್ಷೆ ಫೋನಿನಲ್ಲಿದೆ. ದಿನದಿನದ ಯೋಜನೆಯನ್ನು ಕಾಗದದಲ್ಲಿ ಬರೆದು ಮನೆಯವರಿಗೆ ಕೊಟ್ಟು ಹೋಗಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇದು ಹಳೆಯ ಕಾಲದ ಮಾತಲ್ಲವೇ? ಅಮ್ಮನಿಗೆ ಅಷ್ಟೆಲ್ಲ ಹೇಳಿದರೆ ಹೆದರಿಕೊಳ್ಳುತ್ತಾರೆ, ಅಷ್ಟೆ.”

ಪ್ರಿಯ ಓದುಗರೇ,

ಮೂರು ತಿಂಗಳಿಂದ ಬೆನ್ನಿಗೆ ಭಾರ ಹೊತ್ತು ಬೆಟ್ಟ ಹತ್ತಿ ಅಭ್ಯಾಸ ಮಾಡುತ್ತಿದ್ದೇವೆಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಓದಿ ಸಂತೋಷವಾಯಿತು, ಏಕೆಂದರೆ ಅಷ್ಟು ಶ್ರದ್ಧೆಯಿಂದ ತಯಾರಾಗುವವರು ಕಡಿಮೆ. ಫೋನಿನ ನಕ್ಷೆಯ ಉಪಯೋಗವನ್ನೂ ನಾನು ಅಲ್ಲಗಳೆಯುವುದಿಲ್ಲ. ಸಂಪರ್ಕವಿಲ್ಲದ ಕಡೆಯೂ ಅದು ಕೆಲಸ ಮಾಡುವಂತೆ ಮೊದಲೇ ಇಳಿಸಿಕೊಂಡಿರುವುದು ಒಳ್ಳೆಯದು. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಅದನ್ನು ಮಲಗುವ ಚೀಲದೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಆದರೆ ಆ ಫೋನು ನೀವು ಎಲ್ಲಿದ್ದೀರೆಂದು ನಿಮಗೆ ಮಾತ್ರ ಹೇಳುತ್ತದೆ. ಟವರ್ ಇಲ್ಲದ ಕಣಿವೆಯಲ್ಲಿ ನಿಮ್ಮಲ್ಲೊಬ್ಬರ ಕಾಲು ಮುರಿದ ದಿನ, ನೀವು ಎಲ್ಲಿದ್ದೀರೆಂದು ತಿಳಿಯಬೇಕಾದವರು ಬೇರೆಯವರು. ಉಪಗ್ರಹ ಫೋನು ಒಯ್ಯುತ್ತೇವೆಂದು ನಿಮ್ಮ ಗೆಳೆಯರು ಯಾರಾದರೂ ಹೇಳಿದರೆ ತಡೆಯಿರಿ, ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಹೀಗಿರುವಾಗ ನಿಮ್ಮ ಪರವಾಗಿ ಮಾತನಾಡಲು ಉಳಿಯುವುದು ನೀವು ಬಿಟ್ಟು ಬಂದ ಹಾಳೆಯೊಂದೇ.

ಇದನ್ನು ನಾನು ಕಲಿತದ್ದು ನಮ್ಮದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಮೂವತ್ತು ವರ್ಷಗಳ ಹಿಂದೆ ಒಂದು ಅಕ್ಟೋಬರ್‌ನಲ್ಲಿ ನಾವು ನಾಲ್ವರು ಸುಂಕಸಾಲೆಯ ಕಡೆಯಿಂದ ಬಲ್ಲಾಳರಾಯನ ದುರ್ಗ ಹತ್ತಿ ಬಂಡಾಜೆಯ ದಿಕ್ಕಿಗೆ ಹೊರಟಿದ್ದೆವು. ಯಾರಿಗೂ ಏನೂ ಹೇಳಿರಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದಂತೆ ಘಟ್ಟದ ಕೆಳಗಿನಿಂದ ಮಂಜು ಎದ್ದು ಬಂದು ಹುಲ್ಲುಗುಡ್ಡವನ್ನೆಲ್ಲ ಮುಚ್ಚಿತು. ಕಾಲಿಗೆ ಸಿಕ್ಕಿದ ಸವೆದ ಹಾದಿಯೊಂದನ್ನು ಊರಿನ ದಾರಿಯೆಂದು ನಂಬಿ ಎರಡು ಗಂಟೆ ನಡೆದೆವು. ಅದು ದನಗಳ ಹಾದಿಯಾಗಿತ್ತು. ದನದ ಹಾದಿ ಗುಡ್ಡದ ಪಕ್ಕೆಯನ್ನು ಬಳಸಿಕೊಂಡು ಹುಲ್ಲು, ನೀರು ಇರುವಲ್ಲಿಗೆ ಹೋಗುತ್ತದೆಯೇ ಹೊರತು ಮನೆಗೇ ಹೋಗಬೇಕೆಂದಿಲ್ಲ. ಕತ್ತಲಾಯಿತು, ಬಟ್ಟೆ ಒದ್ದೆಯಾಗಿತ್ತು, ಒಬ್ಬ ಗೆಳೆಯ ಮಾತನಾಡುವುದನ್ನೇ ನಿಲ್ಲಿಸಿದ್ದ. ಆಗ ಕೆಳಗಿನಿಂದ ಯಾರೋ ‘ಕೂ’ ಹಾಕಿದ್ದು ಕೇಳಿಸಿತು. ಬೆಳಿಗ್ಗೆ ಯಾರ ಮನೆಯಲ್ಲಿ ನೀರು ಕೇಳಿ ಕುಡಿದಿದ್ದೆವೋ ಆ ಮನೆಯ ಯಜಮಾನರು, ಮೇಲೆ ಹೋದ ನಾಲ್ವರಲ್ಲಿ ಒಬ್ಬರೂ ಇಳಿದು ಬರಲಿಲ್ಲವಲ್ಲ ಎಂದು ಲೆಕ್ಕ ಹಾಕಿ, ಮಗನನ್ನು ಕರೆದುಕೊಂಡು ಟಾರ್ಚ್ ಹಿಡಿದು ಹತ್ತಿ ಬಂದಿದ್ದರು. ನಮ್ಮನ್ನು ಉಳಿಸಿದ್ದು ಅವರ ಆ ಲೆಕ್ಕ.

ಈ ಲೆಕ್ಕ ಮಲೆನಾಡಿಗೆ ಹೊಸದಲ್ಲ. ಕಾಫಿ ತೋಟದ ರೈಟರು ಹಾಜರಿ ಪುಸ್ತಕ ಹಿಡಿದು ಕೆಲಸಕ್ಕೆ ಬಂದವರ ತಲೆ ಎಣಿಸುವುದು ಸಂಬಳಕ್ಕಾಗಿ ಮಾತ್ರವಲ್ಲ. ಆನೆಯ ಓಡಾಟವಿರುವ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಯಾರು ಯಾವ ತುಂಡಿಗೆ ಹೋದರು, ಸಂಜೆ ಯಾರು ಹಿಂದಿರುಗಲಿಲ್ಲ ಎಂಬುದು ಜೀವದ ಪ್ರಶ್ನೆ. ತೋಟದ ಕೆಲಸಕ್ಕೇ ಇಷ್ಟು ಎಚ್ಚರ ಇಟ್ಟುಕೊಂಡಿರುವ ನಾವು, ಆರು ದಿನಗಳ ನಿರ್ಜನ ದಾರಿಗೆ ಹೊರಡುವಾಗ ಒಂದು ಹಾಳೆ ಬರೆಯಲು ಏಕೆ ಹಿಂಜರಿಯಬೇಕು?

ನಿಮ್ಮ ಅನುಭವದ ಬಗ್ಗೆಯೂ ಒಂದು ಮಾತನ್ನು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಮುಳ್ಳಯ್ಯನಗಿರಿ ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ, ಸುಮಾರು 1,930 ಮೀಟರ್. ಹಿಮಾಲಯದ ಅನೇಕ ಚಾರಣಗಳು ಆರಂಭವಾಗುವ ಊರುಗಳೇ ಅದಕ್ಕಿಂತ ಎತ್ತರದಲ್ಲಿವೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು ಎಂದು ವೈದ್ಯರು ಹೇಳುತ್ತಾರೆ. ನೀವು ಕಳುಹಿಸಿದ ಯೋಜನೆಯಲ್ಲಿ ಅಂಥ ದಿನ ಒಂದೂ ಇಲ್ಲ. ಮಲಗುವ ಜಾಗಗಳ ಎತ್ತರವನ್ನೂ ಸಾಲಾಗಿ ಬರೆದು ನೋಡಿದ್ದರೆ ಅದು ನಿಮ್ಮ ಕಣ್ಣಿಗೇ ಬೀಳುತ್ತಿತ್ತು. ಮೂರನೆಯ ದಿನ 12 ಕಿ.ಮೀ. ನಡೆದು 900 ಮೀಟರ್ ಏರುವುದಾಗಿ ಬರೆದಿದ್ದೀರಿ. ಏರಿಕೆ ಅತಿಯಾಯಿತು ಎಂಬುದು ಒಂದು ಕಡೆ, ಅದಕ್ಕೆ ನಾಲ್ಕು ಗಂಟೆ ಸಾಕೆಂದಿರುವುದು ಇನ್ನೊಂದು. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಅದರ ಪ್ರಕಾರ ನಾಲ್ಕು ಗಂಟೆ ಸರಿಯೇ, ಆದರೆ ಅದು ಎಲ್ಲೂ ನಿಲ್ಲದೆ ನಡೆಯುವ ಗಟ್ಟಿಗನಿಗೆ. ಹೊರೆ, ತೆಳುವಾದ ಗಾಳಿ, ಊಟ, ನಿಮ್ಮೈವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆ, ಇವೆಲ್ಲಕ್ಕೂ ಅದರ ಅರ್ಧದಷ್ಟನ್ನಾದರೂ ಸೇರಿಸಿ. ಹಿಮ ಕರಗಿ ಹರಿಯುವ ಹಳ್ಳಗಳು ಬೆಳಿಗ್ಗೆ ಇಳಿದಿದ್ದು ಮಧ್ಯಾಹ್ನ ಉಕ್ಕುತ್ತವೆ, ಆದ್ದರಿಂದ ದಾಟುವ ಹೊತ್ತನ್ನೂ ಗುರುತು ಹಾಕಿಕೊಳ್ಳಿ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ನಡೆದದ್ದು ನಿಮಗೂ ನೆನಪಿರಬೇಕು. 22 ಜನರ ತಂಡ, ಹೆಚ್ಚಿನವರು ನಮ್ಮ ರಾಜ್ಯದವರು, 4,000 ಮೀಟರ್‌ಗೂ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿಬಿದ್ದರು. 9 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳಿದ್ದರು, ಜೊತೆಗೆ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. ಅವರ ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಸುದ್ದಿ ಹೊರಜಗತ್ತಿಗೆ ಮುಟ್ಟಲು ಮರುದಿನವಾಯಿತು, ಆಮೇಲಷ್ಟೇ ರಕ್ಷಣಾ ಪಡೆಗಳು, ಹೆಲಿಕಾಪ್ಟರ್‌ಗಳು ಹೊರಡಲು ಸಾಧ್ಯವಾಯಿತು ಎಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒದ್ದೆ ಬಟ್ಟೆಗೆ ಗಾಳಿ ಸೇರಿದರೆ ಮೈಯ ಶಾಖ 35 ಡಿಗ್ರಿಗಿಂತ ಕೆಳಗಿಳಿಯಲು ಹಿಮವೇ ಬೀಳಬೇಕೆಂದಿಲ್ಲ. ನಡುಕ, ಮುಗ್ಗರಿಸುವುದು, ಮಾತು ತೊದಲುವುದು ಕಂಡ ಕೂಡಲೇ ನಿಂತು ಒಣಬಟ್ಟೆ ತೊಡಿಸಿ; ತೊದಲುತ್ತಿರುವವನ ನಡುಕ ನಿಂತರೆ ಸುಧಾರಿಸಿದನೆಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದರ್ಥ.

ಇನ್ನು ಹಾಳೆಯ ವಿಚಾರ. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ, ದಾರಿ ಕೆಟ್ಟರೆ ಯಾವ ಕಡೆಯಿಂದ ಇಳಿಯುತ್ತೀರಿ, ಐವರ ವಯಸ್ಸು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧ, ಡೇರೆಯ ಮತ್ತು ಮಳೆಯಂಗಿಗಳ ಬಣ್ಣ, ಮಾರ್ಗದರ್ಶಿಯ ಹೆಸರು ಮತ್ತು ಊರು ಇವೆಲ್ಲ ಅದರಲ್ಲಿರಲಿ. ಪ್ರತಿ ದಿನ ಎಷ್ಟು ಹೊತ್ತಿಗೆ ಎಲ್ಲಿಯೇ ಇದ್ದರೂ ಹಿಂದಿರುಗುತ್ತೀರಿ ಎಂಬುದನ್ನು ಮನೆಯಲ್ಲಿ ಕುಳಿತೇ ಬರೆಯಿರಿ, ಏಕೆಂದರೆ ಶಿಖರ ಕಣ್ಣೆದುರು ಇರುವಾಗ ಆ ತೀರ್ಮಾನ ಯಾರಿಗೂ ಸುಲಭವಲ್ಲ. ಕೊನೆಯಲ್ಲಿ, ಇಂಥ ದಿನ ಸಂಜೆ ಇಷ್ಟು ಗಂಟೆಯೊಳಗೆ ನಮ್ಮಿಂದ ಸುದ್ದಿ ಬರದಿದ್ದರೆ ಇಂಥ ಠಾಣೆಗೆ ಫೋನ್ ಮಾಡಿ ಎಂದು ಸಂಖ್ಯೆಯ ಸಮೇತ ಬರೆಯಿರಿ. ಒಂದು ಪ್ರತಿ ಚಾರಣ ಆರಂಭವಾಗುವ ಊರಿನ ಪೊಲೀಸ್ ಅಥವಾ ಅರಣ್ಯ ಚೌಕಿಯಲ್ಲಿರಲಿ. ಐವರ ಕೊರಳಲ್ಲೂ ಸೀಟಿ ಇರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಪರ್ವತಗಳಲ್ಲಿ ಆಪತ್ತಿನ ಕರೆ, ಮೂರು ಸಲ ಉತ್ತರ ಬಂದರೆ ಕೇಳಿಸಿಕೊಂಡವರಿದ್ದಾರೆ ಎಂದು ತಿಳಿಯಿರಿ.

ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಸಂಗತಿಯನ್ನೂ ಹೇಳಬೇಕು. ಭಾರತೀಯ ಸರ್ವೇಕ್ಷಣ ಇಲಾಖೆ ಆರಂಭವಾದದ್ದು 1767ರಲ್ಲಿ. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ಲೆಕ್ಕದಲ್ಲಿ ಗುಡ್ಡ, ಹಳ್ಳ, ಕಾಲುದಾರಿ ತೋರಿಸುವ ಅದರ ಭೂಪಟಗಳಿವೆ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳನ್ನು ಶಾಲೆಯಲ್ಲಿ ಅಂಕಕ್ಕಾಗಿ ಕಲಿಸುತ್ತಾರೆ, ಆದರೆ ಚಿಕ್ಕಮಗಳೂರಿನ ಎಷ್ಟು ಮಕ್ಕಳಿಗೆ ಆ ಭೂಪಟ ಕೈಗೆ ಕೊಟ್ಟು, ಕಿಟಕಿಯಾಚೆ ಕಾಣುವ ಚಂದ್ರದ್ರೋಣ ಪರ್ವತವನ್ನು ಇದರಲ್ಲಿ ಹುಡುಕು ಎಂದಿದ್ದೇವೆ? ಹೆಸರುಗಳೂ ಹೋಗುತ್ತಿವೆ. ಹಡ್ಲು ಎಂದರೆ ಕಾಲು ಹೂಳುವ ಜೌಗು, ಕಾನು ಎಂದರೆ ದಟ್ಟ ಕಾಡು ಎಂದು ಹೆಸರೇ ದಾರಿಹೋಕನಿಗೆ ತಿಳಿಸುತ್ತಿತ್ತು. ಈಗ ಎಲ್ಲ ಗುಡ್ಡಗಳೂ ವ್ಯೂ ಪಾಯಿಂಟ್ ಆಗಿವೆ. ಎರಡನೆಯ ವ್ಯೂ ಪಾಯಿಂಟ್ ಹಿಂದೆ ಬಿದ್ದಿದ್ದೇನೆ ಎಂದರೆ ಊರಿನವರಿಗೆ ತಿಳಿಯುವುದಿಲ್ಲ. ಅವರು ಕರೆಯುವ ಹೆಸರು ಹೇಳಿದರೆ ಕತ್ತಲಲ್ಲೂ ಬಂದು ಮುಟ್ಟುತ್ತಾರೆ. ಆದ್ದರಿಂದ ಉತ್ತರಾಖಂಡದ ಗಢವಾಲ ಸೀಮೆಯ ನಿಮ್ಮ ದಾರಿಯಲ್ಲೂ ಪ್ರತಿ ತಂಗುದಾಣವನ್ನು ಕುರಿಗಾಹಿಗಳು ಏನೆಂದು ಕರೆಯುತ್ತಾರೆಂದು ಮಾರ್ಗದರ್ಶಿಯನ್ನು ಕೇಳಿ, ಹಾಳೆಯಲ್ಲಿ ಆ ಹೆಸರನ್ನೇ ಬರೆಯಿರಿ.

ಅಮ್ಮ ಹೆದರುತ್ತಾರೆ ಎಂದಿದ್ದೀರಿ. ಹೇಳದೆ ಹೋದರೆ ಆರು ದಿನವೂ ಹೆದರುತ್ತಾರೆ. ಹಾಳೆ ಕೈಯಲ್ಲಿದ್ದರೆ, ಇವತ್ತು ಫೋನ್ ಬರುವುದಿಲ್ಲ, ನಾಡಿದ್ದು ಸಂಜೆ ಬರುತ್ತದೆ ಎಂದಾದರೂ ಗೊತ್ತಿರುತ್ತದೆ. ಆದರೂ ಠಾಣೆಗೆ ಫೋನ್ ಮಾಡುವ ಹೊಣೆಯನ್ನು ಅವರೊಬ್ಬರ ಮೇಲೆ ಹಾಕಬೇಡಿ. ಯೋಜನೆಗೆ ಒಂದು ವಿಶ್ರಾಂತಿಯ ದಿನ ಸೇರಿಸಿ, ತಿದ್ದಿದ ಹಾಳೆಯ ಒಂದು ಪ್ರತಿಯನ್ನು ನಮ್ಮ ಕಚೇರಿಗೆ ಕಳುಹಿಸಿ. ನೀವು ಬರೆದ ದಿನ, ಬರೆದ ಗಂಟೆಯವರೆಗೆ ನಾನು ಫೋನಿನ ಪಕ್ಕದಲ್ಲೇ ಇರುತ್ತೇನೆ.

— ಸಂ.