ಸ್ಟೇಟಸ್ ಡಿಲೀಟ್ ಮಾಡು ಅಂದ್ರೆ ಮಾಡ್ಲೇಬೇಕಾ?

ವಕೀಲನಾದ ನನಗೆ ಈ ಸಲ ಬಂದಿರೋದ್ರಲ್ಲಿ ಕೊಡಗಿನ ಮೂರು ಪ್ರಶ್ನೆ ತಗೊಂಡಿದೀನಿ. ಮೂವರೂ ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿದಾರೆ, ಹಾಕಿಲ್ಲ.

ಪ್ರಶ್ನೆ: ಸರ್, ನಮ್ದು ನಾಪೋಕ್ಲು ಕಡೆ ಸಣ್ಣ ಊರು, ಮೂರು ಎಕರೆ ಕಾಫಿ ಇದೆ. ಪಂಚಾಯ್ತಿ, ಸೊಸೈಟಿ, ದೇವಸ್ಥಾನ ಕಮಿಟಿ ಎಲ್ಲಾ ಒಂದೇ ಪಕ್ಷದವ್ರ ಕೈಲಿ. ಹೊಸ ಕಾಂಕ್ರೀಟ್ ರಸ್ತೆ ಒಂದೇ ಮಳೆಗೆ ಎದ್ದೋಯ್ತು, ಫೋಟೋ ತೆಗ್ದು 'ಈ ದುಡ್ಡು ಯಾರ ಹೊಟ್ಟೆಗೆ ಹೋಯ್ತು' ಅಂತ ವಾಟ್ಸಾಪ್ ಸ್ಟೇಟಸ್ ಹಾಕ್ದೆ. ಮಾರನೇ ದಿನ ಪೊಲೀಸ್ ಒಬ್ರು ಫೋನ್ ಮಾಡಿ, ಸ್ಟೇಷನ್ನಿಗೆ ಬಾ, ಇಲ್ಲಾಂದ್ರೆ ಕೇಸ್ ಆಗುತ್ತೆ ಅಂದ್ರು. ಅಜ್ಜನ ಹೆಸರಲ್ಲಿರೋ ಜಾಗದ ಪೌತಿ ಖಾತೆ ಅರ್ಜಿ ಇನ್ನೂ ಪೆಂಡಿಂಗ್ ಇದೆ, ಅದಕ್ಕೆ ಅಪ್ಪ ಹೆದರಿ ಡಿಲೀಟ್ ಮಾಡಿಸಿದ್ರು. ವಿರೋಧ ಪಕ್ಷದವ್ರ ಹತ್ರ ಹೋದ್ರೆ 'ನಾಳೆ ನಮ್ಗೂ ಅವ್ರ ಹತ್ರ ಕೆಲ್ಸ ಇರುತ್ತಪ್ಪ' ಅಂದ್ಬಿಟ್ರು. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪಲ್ಲ ತಮ್ಮಾ. ಈ ಉತ್ತರಾನ ನಿಮ್ಮಪ್ಪನಿಗೂ ಓದಿ ಹೇಳಿ, ಯಾಕಂದ್ರೆ ಡಿಲೀಟ್ ಮಾಡ್ಸಿದ್ದು ಕಾನೂನಲ್ಲ, ಆ ಪೌತಿ ಖಾತೆ ಫೈಲು.

ಮೊದ್ಲು ಆ ಫೋನ್ ವಿಷಯ. ಫೋನಲ್ಲಿ 'ಬಾ' ಅಂದ್ರೆ ಅದು ನೋಟಿಸ್ ಅಲ್ಲ. ಏಳು ವರ್ಷದೊಳಗೆ ಶಿಕ್ಷೆ ಇರೋ ಕೇಸಲ್ಲಿ ಅರೆಸ್ಟ್ ಮಾಡೋ ಅಗತ್ಯ ಇಲ್ದಿದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದ್ಲು ಬಂದ ಕಾನೂನು) 35(3)ರ ಪ್ರಕಾರ ಬರವಣಿಗೇಲಿ ನೋಟಿಸ್ ಕೊಡ್ಬೇಕು, ಅದನ್ನ ವಾಟ್ಸಾಪಲ್ಲಿ ಕಳಿಸಿದ್ರೂ ನಡೆಯಲ್ಲ ಅಂತ ಸುಪ್ರೀಂ ಕೋರ್ಟೇ 2025ರ ಜನವರಿಲಿ ಹೇಳಿದೆ. ಇನ್ನೊಂದ್ಸಲ ಫೋನ್ ಬಂದ್ರೆ ಜಗಳ ಬೇಡ, ಮರ್ಯಾದೆಯಿಂದಲೇ 'ಸರ್, ಯಾವ ಸೆಕ್ಷನ್, ದೂರು ಕೊಟ್ಟೋರು ಯಾರು, ನೋಟಿಸ್ ಕೊಡಿ, ಬರ್ತೀನಿ' ಅನ್ನಿ, ಫೋನ್ ಬಂದ ನಂಬರ್ರು, ಟೈಮು ಬರೆದಿಟ್ಕೊಳ್ಳಿ. ಬರವಣಿಗೇಲಿ ನೋಟಿಸ್ ಬಂದ್ರೆ ಮಾತ್ರ ತಪ್ಪಿಸ್ಕೊಳ್ಬೇಡಿ, ವಕೀಲರನ್ನ ಕೇಳ್ಕೊಂಡು ಹೋಗಿ.

ಕೇಸ್ ಅಂದ್ರೆ ಯಾವ ಕೇಸ್ ಹಾಕ್ತಾರೆ? ಮಾನನಷ್ಟ ಅಂತಾರಾ, ಅದು ಪೊಲೀಸರು ತಾವಾಗೇ ಎಫ್‌ಐಆರ್ ಹಾಕೋ ಕೇಸಲ್ಲ. ನೊಂದೋರು ಮ್ಯಾಜಿಸ್ಟ್ರೇಟ್ ಹತ್ರ ಹೋಗಿ ಖಾಸಗಿ ದೂರು ಕೊಡ್ಬೇಕು. ದ್ವೇಷ ಹರಡೋದು ಅಂತ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಬದ್ಲು ಬಂದ ಕಾನೂನು) 196, ವದಂತಿ ಅಂತ 353 ಹಾಕ್ಬೇಕು ಅಂದ್ರೆ ಎರಡು ಸಮುದಾಯದ ಮಧ್ಯೆ ಬೆಂಕಿ ಹಚ್ಚೋ ತರ ಅಥವಾ ಜನರನ್ನ ಗಲಭೆಗೆ ಎಬ್ಬಿಸೋ ತರ ಏನಾದ್ರೂ ಇರ್ಬೇಕು, ರಸ್ತೆ ಫೋಟೋದಲ್ಲಿ ಅದೆಲ್ಲಿಂದ ಬರುತ್ತೆ? ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ಕಾಲೇಜು ಪ್ರೊಫೆಸರ್ ಒಬ್ರು 370ನೇ ವಿಧಿ ರದ್ದಾದ ದಿನಾನ ಕರಾಳ ದಿನ ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ್ರು, ಕೇಸ್ ಆಯ್ತು, ಹೈಕೋರ್ಟಲ್ಲೂ ರದ್ದಾಗ್ಲಿಲ್ಲ, ಕೊನೆಗೆ 2024ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡ್ತು, ಸರ್ಕಾರದ ತೀರ್ಮಾನಾನ ಟೀಕೆ ಮಾಡೋದು ಪ್ರತಿಯೊಬ್ಬನ ಹಕ್ಕು ಅಂತ. 370ರ ಬಗ್ಗೆ ಹಾಕಿದ್ದೇ ತಪ್ಪಲ್ಲ ಅಂದ್ಮೇಲೆ ಪಂಚಾಯ್ತಿ ರಸ್ತೆ ಬಗ್ಗೆ ಹಾಕಿದ್ದು ಹೇಗೆ ತಪ್ಪಾಗುತ್ತೆ. ಆಮೇಲೆ 2025ರ ಮಾರ್ಚಲ್ಲಿ ಗುಜರಾತಿನ ಒಂದು ಕೇಸಲ್ಲಿ ಅದೇ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಕೇಸಲ್ಲಿ ಎಫ್‌ಐಆರ್ ಮುಂಚೆ ಪ್ರಾಥಮಿಕ ವಿಚಾರಣೆ ಮಾಡೋದು ಸರಿ, ಮಾತನ್ನ ಗಟ್ಟಿ ಮನಸ್ಸಿನವ್ರ ಕಣ್ಣಿಂದ ಅಳೀಬೇಕೇ ಹೊರತು ಪ್ರತಿ ಟೀಕೆಗೂ ನೊಂದ್ಕೊಳ್ಳೋರ ಕಣ್ಣಿಂದ ಅಲ್ಲ ಅಂತ. ಇನ್ನು ಐಟಿ ಆ್ಯಕ್ಟ್ 66ಎ ಅಂತ ಯಾರಾದ್ರೂ ಹೆದರಿಸಿದ್ರೆ, ಆ ಸೆಕ್ಷನ್ 2015ರ ಮಾರ್ಚ್ 24ಕ್ಕೇ ರದ್ದಾಗಿದೆ ಅಂತ ಹೇಳಿ.

ಆದ್ರೆ ಒಂದು ಮಾತು, ಬೇಜಾರಾಗ್ಬೇಡಿ. 'ಯಾರ ಹೊಟ್ಟೆಗೆ' ಅನ್ನೋ ಸಾಲು ನಿಮ್ಮ ಕೈನ ಗಟ್ಟಿ ಮಾಡ್ಲಿಲ್ಲ, ಅವ್ರಿಗೆ ಹಿಡ್ಕೊಳ್ಳೋಕೆ ಒಂದು ಎಳೆ ಕೊಡ್ತು. ಅದರ ಬದ್ಲು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಆರ್‌ಟಿಐ ಅರ್ಜಿ ಕೊಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು. ಆ ರಸ್ತೆಯ ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕ ಅಂದ್ರೆ ಎಂ.ಬಿ., ಬಿಲ್ ಪಾವತಿ ಇಷ್ಟು ಕೇಳಿ, 30 ದಿನದಲ್ಲಿ ಕೊಡ್ಬೇಕು. ಎಂ.ಬಿ.ಲಿ ಆರು ಇಂಚು ಅಂತ ಬರ್ದಿದ್ದು ಜಾಗದಲ್ಲಿ ನಾಲ್ಕೇ ಇಂಚು ಸಿಕ್ಕಿದ್ರೆ, ಟೇಪ್ ಇಟ್ಟು ಫೋಟೋ ತೆಗ್ದು ಎರಡನ್ನೂ ಒಟ್ಟಿಗೆ ಹಾಕಿ, ಯಾರ ಹೆಸರೂ ಬೇಡ, ಯಾವ ಹೊಟ್ಟೇನೂ ಬೇಡ. ಸಾರ್ವಜನಿಕರ ಒಳ್ಳೇದಕ್ಕೆ ಹೇಳಿದ ಸತ್ಯ ಮಾನನಷ್ಟ ಅಲ್ಲ ಅಂತ ಕಾನೂನಲ್ಲೇ ಇದೆ. ಅದೇ ಕಾಗದ ಹಿಡ್ಕೊಂಡು ಗ್ರಾಮಸಭೆಗೆ ಹೋಗಿ, ಆರು ತಿಂಗಳಿಗೆ ಒಂದಾದ್ರೂ ನಡೀಲೇಬೇಕು, ಎದ್ದು ನಿಂತು ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯಲ್ಲ ಅಂದ್ರೆ ಅಲ್ಲೇ ಲಿಖಿತ ಅರ್ಜಿ ಕೊಟ್ಟು ಪಿಡಿಒ ಹತ್ರ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಗ್ರಾಮ ಪಂಚಾಯ್ತಿ ಎಲೆಕ್ಷನ್ ಪಕ್ಷದ ಚಿಹ್ನೆ ಮೇಲೆ ನಡೆಯೋದೇ ಇಲ್ಲ ಅನ್ನೋದು ನೆನಪಿರ್ಲಿ. ಕಾಗದದ ಮೇಲೆ ಆ ಸಭೇಲಿ ಆಡಳಿತ ಪಕ್ಷನೂ ಇಲ್ಲ, ವಿರೋಧ ಪಕ್ಷನೂ ಇಲ್ಲ, ಹಾಗಾಗಿ ಕೇಳೋಕೆ ನಿಮಗೆ ಯಾವ ಪಕ್ಷದ ಬೆಂಬಲನೂ ಬೇಕಾಗಿಲ್ಲ.

ಪೌತಿ ಖಾತೆ ವಿಷಯ. ನನ್ನ ವಕೀಲಿಕೇಲಿ ನಾನು ಜಾಸ್ತಿ ಕಂಡಿರೋ ಭಯ ಇದೇ, ಜೈಲಿನ ಭಯ ಅಲ್ಲ. ಬೆಳೆ ಪರಿಹಾರದ ಲಿಸ್ಟಲ್ಲಿ ಹೆಸರು ಬಿಟ್ಟೋಗುತ್ತೆ, ಸೊಸೈಟಿ ಸಾಲ ರಿನ್ಯೂ ಆಗಲ್ಲ, ಆನೆ ಬೇಲಿ ಮುರಿದ್ರೆ ಕೇಳೋರಿಲ್ಲ. ಒಂದೇ ಪಕ್ಷ ಎಲ್ಲಾ ಕಡೆ ಕೂತಾಗ ಯಾರೂ ಬೆದರಿಕೆನೂ ಹಾಕ್ಬೇಕಾಗಿಲ್ಲ, ಜನ ತಾವೇ ಲೆಕ್ಕ ಹಾಕಿ ಸುಮ್ನಾಗ್ತಾರೆ, ವಿರೋಧ ಪಕ್ಷದವ್ರು ಕೂಡ, ನಿಮಗೆ ಅವ್ರು ಹೇಳಿದ ಮಾತಲ್ಲೇ ಅದಿದೆ. ಆದ್ರೆ ಖಾತೆ ಮಾಡೋದು ಕಂದಾಯ ಇಲಾಖೆ, ಪಕ್ಷ ಅಲ್ಲ. ಸರ್ಕಾರಿ ಕೆಲ್ಸ ಇಂತಿಷ್ಟು ದಿನದಲ್ಲಿ ಆಗ್ಬೇಕು ಅನ್ನೋ ಸಕಾಲ ಯೋಜನೆ ಇದೆ, ಅರ್ಜಿಗೆ ಸಕಾಲ ನಂಬರ್ ತಗೊಂಡಿಲ್ಲ ಅಂದ್ರೆ ನಾಳೆನೇ ಹೋಗಿ ತಗೊಳ್ಳಿ, ಅವಧಿ ಮೀರಿದ್ರೆ ಮೇಲ್ಮನವಿ ಹಾಕಿ. ಖಾತೆ ನಿಮ್ಮ ಹಕ್ಕು ಅಂತ ಅಪ್ಪನಿಗೆ ನಂಬಿಕೆ ಬಂದ ದಿನ ಅವ್ರೇ ನಿಮ್ ಜೊತೆ ಗ್ರಾಮಸಭೆಗೆ ಬರ್ತಾರೆ.

ಪ್ರಶ್ನೆ: ನಾನು ವಿರಾಜಪೇಟೆ ಕಡೆಯ ಮಾಜಿ ಸೈನಿಕ. ಒಂದೇ ಪಕ್ಷ ಗಟ್ಟಿಯಾಗಿದ್ರೆ ಕೆಲ್ಸ ಬೇಗ ಆಗುತ್ತೆ, ವಿರೋಧ ಪಕ್ಷದವ್ರು ಬರೀ ಗಲಾಟೆ ಮಾಡಿ ಸದನ ನಿಲ್ಲಿಸ್ತಾರೆ. ಸೈನ್ಯದಲ್ಲಿ ಒಂದೇ ಆರ್ಡರ್ ಇರುತ್ತೆ, ದೇಶಕ್ಕೂ ಅದೇ ಒಳ್ಳೇದಲ್ವಾ?

ಉತ್ತರ: ನಿಮ್ಮ ಸೇವೆಗೆ ನಮಸ್ಕಾರ ಸರ್. ಸದನ ನಿಲ್ಲಿಸೋದು ನನಗೂ ಇಷ್ಟ ಇಲ್ಲ, ಆ ವಿಷಯದಲ್ಲಿ ನಿಮ್ಮ ಕೋಪ ನ್ಯಾಯವಾದದ್ದೇ. ಆದ್ರೆ ಸೈನ್ಯದ ಖರ್ಚನ್ನೂ ಸರ್ಕಾರದ ಲೆಕ್ಕ ಪರಿಶೀಲಿಸೋ ಸಿಎಜಿ ಆಡಿಟ್ ಮಾಡುತ್ತೆ, ಆ ವರದಿ ಸಂಸತ್ತಿನ ಲೆಕ್ಕಪತ್ರ ಸಮಿತಿಗೆ ಹೋಗುತ್ತೆ, ಆ ಸಮಿತಿಗೆ 1967ರಿಂದ ವಿರೋಧ ಪಕ್ಷದವ್ರೇ ಅಧ್ಯಕ್ಷರಾಗೋದು ರೂಢಿ. ಸೈನಿಕನ ಬೂಟಿನ ಕ್ವಾಲಿಟಿ ಬಗ್ಗೆ ಪ್ರಶ್ನೆ ಬಂದ್ರೆ ಅದರಿಂದ ಸೈನಿಕನಿಗೇ ಒಳ್ಳೇದು.

ನಮ್ಮ ಜಿಲ್ಲೆ ಕಥೆನೇ ನೋಡಿ. ಕೊಡಗು ಬೇರೆ ರಾಜ್ಯವಾಗಿದ್ದಾಗ 1952ರ ಎಲೆಕ್ಷನಲ್ಲಿ 24 ಸೀಟು, ಕಾಂಗ್ರೆಸ್ಸಿಗೆ 15, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಎದುರಿಗೆ ಪಂದ್ಯಂಡ ಬೆಳ್ಳಿಯಪ್ಪನವ್ರ ಕಡೆಯ 9 ಜನ, ತಕ್ಕಡಿ ಗುರುತಲ್ಲಿ ಗೆದ್ದಿದ್ದಕ್ಕೆ ತಕ್ಕಡಿ ಪಕ್ಷ ಅಂತ ಹೆಸರು. ದೇಶಾನೇ ಕಾಂಗ್ರೆಸ್ ಕೈಲಿದ್ದ ಕಾಲ ಅದು, ಲೋಕಸಭೇಲಿ 489ಕ್ಕೆ 364, ಅಂಥ ಹೊತ್ತಲ್ಲಿ ಈ ಒಂಬತ್ತು ಜನ ಮೈಸೂರು ರಾಜ್ಯಕ್ಕೆ, ಅಂದ್ರೆ ಈಗಿನ ಕರ್ನಾಟಕಕ್ಕೆ, ಸೇರೋದು ಬೇಡ ಅಂದ್ರು. ಸೋತ್ರು, 1956ರ ನವೆಂಬರ್ 1ಕ್ಕೆ ಕೊಡಗು ಸೇರ್ತು. ನಾನು ಸ್ವತಃ ಸೇರಿದ್ದೇ ಸರಿ ಅನ್ನೋನು. ಆದ್ರೂ ದೊಡ್ಡ ರಾಜ್ಯದೊಳಗೆ ಸಣ್ಣ ಜಿಲ್ಲೆ ದನಿ ಕೇಳಿಸಲ್ಲ ಅನ್ನೋ ಆತಂಕ ಇತ್ತಲ್ಲ, 24 ಶಾಸಕರಿದ್ದ ಜಾಗ ಮೂರಕ್ಕೆ ಬಂತು, 2008ರಿಂದ ಬರೀ ಎರಡು. ಇವತ್ತು ಬಿಜೆಪಿಯವ್ರೂ ಕಾಂಗ್ರೆಸ್ಸಿನವ್ರೂ ಕೊಡಗಿಗೆ ಅನ್ಯಾಯ ಆಗ್ತಿದೆ ಅಂತ ಭಾಷಣ ಮಾಡೋವಾಗ ಹೇಳೋದು ಹೆಚ್ಚುಕಮ್ಮಿ ಇದನ್ನೇ.

ಇನ್ನೊಂದು, ಬಹುಮತ ದೊಡ್ಡದಿದ್ದಾಗ ಪ್ರಶ್ನೆ ಆಡಳಿತ ಪಕ್ಷದೊಳಗಿಂದ್ಲೂ ಬರ್ಬೋದು, ಬರ್ಬೇಕು. 1957ರಲ್ಲಿ ಎಲ್‌ಐಸಿ ದುಡ್ಡು ಮುಂದ್ರಾ ಕಂಪನಿಗಳಿಗೆ ಹೋಗಿದ್ದನ್ನ ಸದನದಲ್ಲಿ ಎತ್ತಿದ್ದು ಫಿರೋಜ್ ಗಾಂಧಿ, ಪ್ರಧಾನಿ ನೆಹರೂ ಅವ್ರ ಸ್ವಂತ ಅಳಿಯ, ಕಾಂಗ್ರೆಸ್ ಎಂಪಿ. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡ್ಬೇಕಾಯ್ತು. ಸರ್ಕಾರ ಬೀಳ್ಲಿಲ್ಲ, ಕೆಲ್ಸನೂ ನಿಲ್ಲಲಿಲ್ಲ. ಇದೇ ದೇಶದಲ್ಲಿ 1975ರ ಜೂನಲ್ಲಿ ಎಮರ್ಜೆನ್ಸಿ ಬಂತು, ಸಮಿತಿ ಮೀಟಿಂಗಿಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿಯವ್ರನ್ನ ಅಲ್ಲೇ ಹಿಡಿದು ಜೈಲಿಗೆ ಹಾಕಿದ್ರು, ಪೇಪರಿಗೆಲ್ಲ ಸೆನ್ಸಾರ್. ಆ 21 ತಿಂಗಳು ಗಲಾಟೆ ಮಾಡೋ ವಿರೋಧ ಪಕ್ಷ ಇರ್ಲಿಲ್ಲ, ನೀವು ಹೇಳೋ ಒಂದೇ ಆರ್ಡರ್ ಇತ್ತು. ಉತ್ತರ ಭಾರತದಲ್ಲಿ ಬಲವಂತದ ಸಂತಾನಹರಣ ಆಪರೇಷನ್ನು ಎಷ್ಟು ಮಿತಿ ಮೀರಿತ್ತು ಅಂತ ಪೇಪರಲ್ಲಿ ಬರ್ಲಿಲ್ಲ, ಜನ ಎಷ್ಟು ಸಿಟ್ಟಾಗಿದಾರೆ ಅಂತ ದೆಹಲಿಗೂ ಗೊತ್ತಾಗ್ಲಿಲ್ಲ, 1977ರಲ್ಲಿ ರಿಸಲ್ಟ್ ಬಂದಾಗ್ಲೇ ಗೊತ್ತಾಗಿದ್ದು.

ನಮ್ಮ ಮಡಿಕೇರಿ ವಿಷಯನೂ ಹೇಳ್ಬಿಡ್ತೀನಿ, ಯಾರಿಗೆ ಬೇಜಾರಾದ್ರೂ ಸರಿ. 2022ರ ಆಗಸ್ಟಲ್ಲಿ ರಾಜ್ಯದಲ್ಲಿ ಬಿಜೆಪಿ ಸರ್ಕಾರ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮಳೆ ಹಾನಿ ನೋಡೋಕೆ ಬಂದ್ರು. ಅವ್ರನ್ನ ವಿರೋಧಿಸೋರು ಕಪ್ಪು ಬಾವುಟ ತೋರಿಸಿದ್ರು, ಅವ್ರ ಕಾರಿಗೆ ಮೊಟ್ಟೆ ಎಸೆದ್ರು. ಬಾವುಟ ತೋರಿಸೋದು ಹಕ್ಕು, ಅದನ್ನ ನಾನು ಯಾವ ಕೋರ್ಟಲ್ಲಾದ್ರೂ ವಾದ ಮಾಡ್ತೀನಿ, ಮೊಟ್ಟೆ ಹಕ್ಕಲ್ಲ. ಆಮೇಲೆ ಕಾಂಗ್ರೆಸ್ಸಿನವ್ರು ಮಡಿಕೇರಿ ಚಲೋ ಅಂದ್ರು, ಬಿಜೆಪಿಯವ್ರೂ ಸಮಾವೇಶಕ್ಕೆ ರೆಡಿಯಾದ್ರು, ಜಿಲ್ಲಾಡಳಿತ ನಾಲ್ಕು ದಿನ 144 ಹಾಕ್ತು, ಎರಡೂ ನಡೀಲಿಲ್ಲ. ಭಿನ್ನಾಭಿಪ್ರಾಯ ಹತ್ತಿಕ್ಕೋಕೆ 144 ಬಳಸ್ಬಾರ್ದು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಲೇ ಹೇಳಿತ್ತು, ಎರಡು ಮೆರವಣಿಗೆಗೂ ಬೇರೆ ದಿನ, ಬೇರೆ ದಾರಿ ಕೊಟ್ಟು ಕಾವಲು ಹಾಕಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ. ಒಂಬತ್ತು ತಿಂಗಳಿಗೆ ಜಿಲ್ಲೆಯ ಎರಡೂ ಸೀಟು ಕಾಂಗ್ರೆಸ್ಸಿಗೆ ಹೋಯ್ತು, ಸರ್ಕಾರನೂ ಬದಲಾಯ್ತು. ಅವತ್ತು ಬಾಯಿ ಮುಚ್ಚಿಸಿದ್ದು ಸರಿ ಅಂದಿದ್ದೋರಲ್ಲಿ ಕೆಲವ್ರು ಈಗ ನನ್ನ ಆಫೀಸಿಗೆ ಪೋಸ್ಟ್ ಹಾಕಿದ್ದಕ್ಕೆ ಕೇಸಾಗಿದೆ ಅಂತ ಬರ್ತಾರೆ, ಅವತ್ತು 144 ಅನ್ಯಾಯ ಅಂದಿದ್ದೋರಲ್ಲಿ ಕೆಲವ್ರು ಈಗ ಅದೇ ಕೇಸನ್ನ ಸಮರ್ಥನೆ ಮಾಡ್ತಾರೆ. ನಾನು ಎರಡೂ ಕಡೆಯವ್ರ ಫೈಲು ತಗೊಳ್ತೀನಿ ಸರ್, ವಾದ ಮಾಡೋದು ಮಾತಾಡೋ ಹಕ್ಕು ಕೊಡೋ ಸಂವಿಧಾನದ ಅದೇ 19(1)(ಎ) ವಿಧಿ ಹಿಡ್ಕೊಂಡು.

ಪ್ರಶ್ನೆ: ಕುಶಾಲನಗರದಲ್ಲಿ 200 ಜನರ ಊರ ಗ್ರೂಪಿಗೆ ನಾನು ಅಡ್ಮಿನ್. ಯಾರೋ ಶಾಸಕರ ಬಗ್ಗೆ ಏನೋ ಹಾಕಿದ್ರೆ ನನ್ನ ಮೇಲೆ ಕೇಸ್ ಆಗುತ್ತಾ? ರಾಜಕೀಯ ಬ್ಯಾನ್ ಮಾಡ್ಬಿಡ್ಲಾ?

ಉತ್ತರ: ಬೇರೆಯವ್ರು ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನೋ ಕಾರಣಕ್ಕೆ ನೀವು ಹೊಣೆ ಅಲ್ಲ ಅಂತ ಬಾಂಬೆ ಹೈಕೋರ್ಟು 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ. ಬೇರೆ ರಾಜ್ಯದ ತೀರ್ಪು ಇಲ್ಲಿ ಕಡ್ಡಾಯ ಅಲ್ಲ, ಆದ್ರೆ ನಮ್ಮ ಕೋರ್ಟಲ್ಲಿ ತೋರಿಸಬಹುದು, ತೂಕ ಇರುತ್ತೆ. ನೀವೇ ಸೇರ್ಕೊಂಡು ಹಾಕ್ಸಿದ್ರೆ ಅಥವಾ ನೀವೂ ಫಾರ್ವರ್ಡ್ ಮಾಡಿದ್ರೆ ಮಾತು ಬೇರೆ. ಯಾವುದಾದ್ರೂ ಜಾತಿ ಧರ್ಮದವ್ರ ಮೇಲೆ ಹಲ್ಲೆ ಮಾಡಿ ಅನ್ನೋ ತರದ್ದು, ಹೆಣ್ಮಕ್ಕಳ ಫೋಟೋ ತಿದ್ದಿದ್ದು ಬಂದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು ತಕ್ಷಣ ತೆಗೀರಿ. ರಾಜಕೀಯ ಬ್ಯಾನ್ ಮಾಡ್ಬೇಡಿ ದಯವಿಟ್ಟು, ಕುಡಿಯೋ ನೀರು, ಕಾವೇರಿ ಪ್ರವಾಹ, ಆನೆ, ಎಲ್ಲಾ ರಾಜಕೀಯನೇ, ಅದನ್ನ ತೆಗೆದ್ರೆ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಒಂದೇ ಉಳಿಯುತ್ತೆ. ನೋಟಿಸ್ ಬಂದ್ಮೇಲೆ ಮಾತ್ರ ಏನನ್ನೂ ಡಿಲೀಟ್ ಮಾಡ್ಬೇಡಿ, ಸಾಕ್ಷಿ ನಾಶ ಅಂತಾರೆ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಉಚಿತ ಕಾನೂನು ನೆರವಿನ ನಂಬರ್ 15100ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಮಡಿಕೇರೀಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವ್ರಿಗೆ ಆದಾಯ ಎಷ್ಟಿದ್ರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ.