ಸಿಂಕ್ ಆಗಲಿ, ಆದರೆ ಚಾರ್ಜಿಗೆ ಹಾಕಿದಾಗ

ಪ್ರಶ್ನೆ: ಫೋನಿನ ಫೋಟೋಗಳು, ಸ್ಕ್ಯಾನ್ ಮಾಡಿದ ಕಾಗದಗಳು, ಈ ಎರಡು ಫೋಲ್ಡರ್ ಮಾತ್ರ ಕಂಪ್ಯೂಟರಿಗೆ ತಾನಾಗಿ ಬರಬೇಕು. ಎರಡೂ ಕಡೆಯ ಫೋಲ್ಡರನ್ನು ಒಂದೇ ಸಮ ಇಡುವ, ಅಂದರೆ ಸಿಂಕ್ ಮಾಡುವ, ಸಿಂಕ್‌ಥಿಂಗ್ ಆ್ಯಪ್ ಹಾಕಿಕೊಂಡೆ. ಸಂಜೆಯೊಳಗೆ ಬ್ಯಾಟರಿ ಖಾಲಿ. ಬೇರೆ ಆ್ಯಪ್ ಹೇಳಿ.

ಬೇರೆ ಆ್ಯಪ್ ಬೇಡ. ಈ ಪ್ರಶ್ನೆ ಕೇಳುವವರೆಲ್ಲ ಆ್ಯಪನ್ನು ಬೈಯುತ್ತಾರೆ, ಅದರ ಸೆಟ್ಟಿಂಗ್ ತೆರೆದು ನೋಡಿದವರು ಕಡಿಮೆ. ಬ್ಯಾಟರಿ ತಿನ್ನುವುದು ನಿಮ್ಮ ನಾಲ್ಕು ಫೋಟೋ ಅಲ್ಲ. ಕಂಪ್ಯೂಟರ್ ಆಫ್ ಆಗಿದ್ದರೂ ಆ್ಯಪ್ ಅದನ್ನು ಹುಡುಕುತ್ತಲೇ ಇರುತ್ತದೆ. ನಡುನಡುವೆ ಏನಾದರೂ ಬದಲಾಗಿದೆಯಾ ಅಂತ ಫೋಲ್ಡರ್ ಪೂರ್ತಿ ಸ್ಕ್ಯಾನ್ ಮಾಡುತ್ತದೆ. ಅದಕ್ಕಾಗಿ ಫೋನ್ ಪದೇ ಪದೇ ಎಚ್ಚರಗೊಳ್ಳಬೇಕು. ಖರ್ಚು ಇರುವುದು ಅಲ್ಲಿ.

ಮಧ್ಯಾಹ್ನ ತೆಗೆದ ಫೋಟೋ ಆ ಕ್ಷಣವೇ ಕಂಪ್ಯೂಟರಿನಲ್ಲಿ ಇರಬೇಕಾ? ರಾತ್ರಿ ಬಂದರೆ ಸಾಕು, ಅಲ್ವಾ? ಹಾಗಾದರೆ ಆ್ಯಪ್ ಯಾವಾಗ ಓಡಬೇಕು ಅನ್ನುವ ಷರತ್ತುಗಳಿಗೆ ಹೋಗಿ. 'ಚಾರ್ಜ್ ಆಗುವಾಗ ಮಾತ್ರ' ಆರಿಸಿ. ವೈಫೈ ಮಾತ್ರ ಸಾಕು, ಅದರಲ್ಲೂ ನಿಮ್ಮ ಮನೆಯ ವೈಫೈ ಹೆಸರನ್ನೇ ಕೊಡಿ. ಆ ಹೊತ್ತಿನಲ್ಲಿ ಕಂಪ್ಯೂಟರ್ ಆನ್ ಇರಬೇಕು, ಅಷ್ಟೇ. ಇಷ್ಟು ಮಾಡಿದರೆ ಬಹುಪಾಲು ಜನರ ದೂರು ಮುಗಿಯುತ್ತದೆ.

ಮರುಸ್ಕ್ಯಾನ್ ಅವಧಿ ಸಾಮಾನ್ಯವಾಗಿ 3600 ಸೆಕೆಂಡ್, ಅಂದರೆ ಗಂಟೆಗೊಮ್ಮೆ. 60 ಸೆಕೆಂಡಿಗೆ ಇಳಿಸಿಕೊಂಡು ಬ್ಯಾಟರಿ ನಿಲ್ಲಲ್ಲ ಅನ್ನುವವರಿದ್ದಾರೆ. ದಯವಿಟ್ಟು ಅದನ್ನು ಇಳಿಸಬೇಡಿ. ಮೊದಲ ಸಲ ಪ್ರತಿ ಫೈಲನ್ನೂ ಓದಿ ಲೆಕ್ಕ ಹಾಕಬೇಕಾಗುವುದರಿಂದ ಫೋನ್ ಬಿಸಿಯಾಗಬಹುದು. ಅದು ರೋಗವಲ್ಲ. ಆಮೇಲೆ ಬದಲಾದ ಫೈಲನ್ನಷ್ಟೇ ಓದುತ್ತದೆ.

ಫೋಲ್ಡರ್ ಆರಿಸುವಾಗ ಇಡೀ ಸ್ಟೋರೇಜನ್ನೇ ಒತ್ತಬೇಡಿ. ಫೋಟೋಗಳಿಗೆ, ಫೋನು ಅವನ್ನು ಇಡುವ ಡಿಸಿಐಎಂ (DCIM) ಫೋಲ್ಡರಿನ ಒಳಗಿನ ಕ್ಯಾಮೆರಾ ಫೋಲ್ಡರ್ ಸಾಕು. ಡಿಸಿಐಎಂ ಅನ್ನೇ ಆರಿಸಿದರೆ ಫೋಟೋಗಳ ಪುಟ್ಟ ನಕಲುಗಳಾದ ಥಂಬ್‌ನೇಲ್ ಫೈಲುಗಳೂ ಸುಮ್ನೆ ಜೊತೆಗೆ ಬಂದುಬಿಡಬಹುದು.

ಈಗ ನಿಜಕ್ಕೂ ಹೆದರಬೇಕಾದ ಮಾತು. ಫೋಲ್ಡರಿನ ಬಗೆಯನ್ನು ಫೋನಿನಲ್ಲಿ 'ಕಳಿಸು ಮಾತ್ರ', ಕಂಪ್ಯೂಟರಿನಲ್ಲಿ 'ಪಡೆ ಮಾತ್ರ' ಅಂತ ಇಟ್ಟರೆ ಕಂಪ್ಯೂಟರಿನಲ್ಲಿ ಆದ ಎಡವಟ್ಟು ಫೋನಿಗೆ ಬರುವುದಿಲ್ಲ. ಆದರೆ ಫೋನಿನಲ್ಲಿ ಜಾಗ ಇಲ್ಲ ಅಂತ ಫೋಟೋ ಅಳಿಸಿದಿರೋ, ಕಂಪ್ಯೂಟರಿನಲ್ಲೂ ಅಳಿಯುತ್ತದೆ. 'ಕಳಿಸು ಮಾತ್ರ' ಅಂದರೆ ಅಳಿಸಿದ ಸುದ್ದಿಯನ್ನೂ ಕಳಿಸು ಅಂತಲೇ. ಆದ್ದರಿಂದ ಕಂಪ್ಯೂಟರಿನ ಕಡೆ ಆ ಫೋಲ್ಡರಿಗೆ ಫೈಲ್ ವರ್ಶನಿಂಗ್, ಅಂದರೆ ಹಳೆಯ ಪ್ರತಿ ಉಳಿಸಿಕೊಳ್ಳುವ ಸೆಟ್ಟಿಂಗ್, ಆನ್ ಮಾಡಿ, ಕಸದಬುಟ್ಟಿ ಬಗೆಯದಾದರೂ ಸಾಕು. ಅಳಿಸಿದ ಫೈಲು ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತದೆ. ಫೋನಿನಲ್ಲಿ ಒಂದು ಬೇಡದ ಫೋಟೋ ಅಳಿಸಿ, ಸಿಂಕ್ ಆದ ಮೇಲೆ ಅದು ಅಲ್ಲಿ ಸಿಗುತ್ತದಾ ನೋಡಿ. ಸಿಕ್ಕ ಮೇಲೇ ಮಿಕ್ಕದ್ದನ್ನು ಮುಟ್ಟಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಹೋದ ಫೋಟೋ ಮತ್ತೆ ತೆಗೆಯಲು ಬರುವುದಿಲ್ಲ.

ಇನ್ನೊಂದು: ಸಿಂಕ್‌ಥಿಂಗ್‌ನ ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲೇ ನಿಂತಿದೆ. ಹಳೆಯದು ಇದ್ದರೆ, ಅದನ್ನೇ ಬೇರೆಯವರು ಮುಂದುವರಿಸಿರುವ ಸಿಂಕ್‌ಥಿಂಗ್-ಫೋರ್ಕ್‌ಗೆ ಬದಲಿಸಿ.

ಪ್ರಶ್ನೆ: ಬ್ಯಾಟರಿ ಉಳಿಸುವ ಬೂಸ್ಟರ್ ಆ್ಯಪ್ ಹಾಕಿದ ಮೇಲೆ ಸಿಂಕ್ ನಿಂತೇ ಹೋಯಿತು.

ನಿಲ್ಲದೆ ಏನಾಗುತ್ತದೆ? ಅದು ಸಿಂಕ್ ಆ್ಯಪನ್ನು ಕೊಲ್ಲುತ್ತದೆ, ಆ್ಯಪ್ ಮತ್ತೆ ಎದ್ದರೆ ಮತ್ತೆ ಕೊಲ್ಲುತ್ತದೆ. ಈ ಕಾದಾಟಕ್ಕೂ ಬ್ಯಾಟರಿಯೇ ಬೇಕು. ಆಂಡ್ರಾಯ್ಡಿನಲ್ಲಿ 2015ರಿಂದ, ಅಂದರೆ 6ನೇ ಆವೃತ್ತಿಯಿಂದ, ಸುಮ್ಮನಿಟ್ಟ ಫೋನನ್ನು ಮಲಗಿಸುವ ಏರ್ಪಾಡು ಇದೆ. ಬೂಸ್ಟರ್ ಮಾರುವವರು ಜಾಹೀರಾತು ತೋರಿಸುವುದಕ್ಕೆ ಮಾರುತ್ತಾರೆ. ಇವತ್ತೇ ಕಿತ್ತುಹಾಕಿ. ಸಿಂಕ್ ಆ್ಯಪಿಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಡಿ. ಚಾರ್ಜಿಂಗ್ ಷರತ್ತು ಹಾಕಿದ್ದೀರಲ್ಲ, ಭಯ ಬೇಡ.

ಪ್ರಶ್ನೆ: ಆಟಗಳ ಸೇವ್ ಫೈಲಿರುವ ಆಂಡ್ರಾಯ್ಡ್/ಡೇಟಾ ಫೋಲ್ಡರ್ ಸಿಂಕ್ ಆಗುತ್ತಿಲ್ಲ.

ಆಂಡ್ರಾಯ್ಡ್ 11ರಿಂದ ಆ ಫೋಲ್ಡರಿಗೆ ಬೇರೆ ಆ್ಯಪುಗಳಿಗೆ ಪ್ರವೇಶವಿಲ್ಲ, ಬಿಟ್ಟುಬಿಡಿ.

ಪ್ರಶ್ನೆ: ಸಿಂಕ್ ಇದ್ದರೆ ಬ್ಯಾಕಪ್ ಬೇಡ ತಾನೇ?

ಬೇಕು. ಫೋಟೋ ಅಳಿಯುವ ಬಗ್ಗೆ ಮೊದಲ ಉತ್ತರದಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಓದಿ, ಆಮೇಲೆ ಫೋಟೋಗಳನ್ನು ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ಎತ್ತಿಡಿ.